ನಾಲ್ಕು ಸುತ್ತಿಗೊಬ್ಬ ಡ್ಯೂಕ್

ಕಾದಂಬರಿ ಓದೋ ಚಟದಿಂದ ಯಾರಿಗೂ ತೊಂದರೆಯಿಲ್ಲ. ಓದಿದ್ದನ್ನ ನಾಲ್ಕು ಜನಕ್ಕೆ ಹೇಳೋ ಚಟ ಅಂಟಿಕೊಂಡರೆ ಮಾತ್ರ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಯಡಿಯೂರು ಕೆರೆ ಸುತ್ತ ಮೂರು ತಿಂಗಳಲ್ಲಿ ನನಗಾದ ಫಜೀತಿಗಳಲ್ಲಿ, ಮರ್ಯಾದಸ್ಥರ ಮುಂದೆ ಹೇಳಬಹುದಾದವು ಇಷ್ಟು.

ನಾನು ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಟೈಪ್ ಕುಟ್ಟಿ ನಿವೃತ್ತಳಾದವಳು. ಇನ್ನೂರು ವರ್ಷ ಹಿಂದಿನ ಇಂಗ್ಲೆಂಡಿನ ಕಥೆಗಳು ಅಂದ್ರೆ ನನಗೆ ಪ್ರಾಣ. ಒಂದು ಸಾರೋಟು, ಒಂದು ಬಂಗಲೆ, ಒಂದು ಪ್ರೇಮ. ಇಲ್ಲಾಂದ್ರೆ ಅದೇ ಬಂಗಲೆ, ಒಂದು ಹೆಣ. ಬನಶಂಕರಿಯಿಂದ ಆಫೀಸಿಗೆ ಹೋಗೋ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ನೂರಾರು ಡ್ಯೂಕುಗಳ ಮದುವೆ ಮುಗಿಸಿದ್ದೀನಿ.

ಶುರುವಾದದ್ದು

ನಾವಿರೋದು ಮಹಡಿ ಮೇಲೆ ಬಾಡಿಗೆಗೆ. ಕೆಳಗಿನ ಮನೆಯಲ್ಲಿ ಓನರ್ ಅಕ್ಕ. ಹದಿನೆಂಟು ವರ್ಷದಿಂದ ಒಂದೇ ಗೇಟು, ಒಂದೇ ಮಲ್ಲಿಗೆ ಬಳ್ಳಿ. ಅಕ್ಕನಿಗೆ ಸಕ್ಕರೆ ಕಾಯಿಲೆ. ಒಂದು ದಿನ ಡಾಕ್ಟರ ಹತ್ತಿರ ಹೋಗಿ ಬಂದವರು ಮೆಟ್ಟಿಲ ಮೇಲೆ ಕೂತುಬಿಟ್ಟರು. "ಮೂರು ತಿಂಗಳ ಸಕ್ಕರೆ ಲೆಕ್ಕ ಒಂಬತ್ತು ದಾಟಿದೆಯಂತೆ ಕಣೇ. ಮೂರು ತಿಂಗಳು ಟೈಮ್ ಕೊಟ್ಟಿದ್ದಾರೆ. ದಿನಾ ಕೆರೆ ನಾಲ್ಕು ಸುತ್ತು ಸುತ್ತಬೇಕು. ಇಳೀಲಿಲ್ಲಾಂದ್ರೆ ಇಂಜೆಕ್ಷನ್ನು" ಅಂದರು. ಅವರ ಅಮ್ಮನಿಗೆ ಕೊನೆಯ ಹತ್ತು ವರ್ಷ ದಿನಾ ಎರಡು ಸಲ ಚುಚ್ಚಿದವರು ಅಕ್ಕನೇ.

ಮಾರನೇ ದಿನ ಬೆಳಿಗ್ಗೆ ನಾನೇ ಕರ್ಕೊಂಡು ಹೋದೆ. ಅರ್ಧ ಸುತ್ತಿಗೆ ಅಕ್ಕ ಬೆಂಚು ಹಿಡಿದರು. "ಕಾಲು ನೋವಲ್ಲ ಕಣೇ, ಬೇಜಾರು. ಅದೇ ನೀರು, ಅದೇ ಕಂಬಿ." ಬೇಜಾರು ಕಳೆಯಲಿ ಅಂತ ನಾನು ಓದುತ್ತಿದ್ದ ಕಥೆ ಎತ್ತಿದೆ.

"ಒಬ್ಬ ಡ್ಯೂಕ್ ಇದ್ದ."

"ಹಾಗಂದ್ರೆ?"

"ರಾಜನಿಗಿಂತ ಒಂದು ಮೆಟ್ಟಿಲು ಕೆಳಗೆ. ಬನ್ನಿ, ನಡೀತಾ ಹೇಳ್ತೀನಿ."

ಎದ್ದರು. "ಏನು ಕೆಲಸ ಅವನಿಗೆ?"

"ಕೆಲಸ ಏನಿಲ್ಲ. ಬೆಳಿಗ್ಗೆ ಎದ್ದು ಕುದುರೆ ಮೇಲೆ ಹೋಗ್ತಾನೆ. ಸಂಜೆ ಬರ್ತಾನೆ. ಯಾರ ಹತ್ರಾನೂ ಸರಿಯಾಗಿ ಮಾತಾಡಲ್ಲ. ಆದ್ರೂ ಊರಿನ ಹುಡುಗಿಯರೆಲ್ಲ ಅವನ ಹಿಂದೆ."

ಅಕ್ಕ ಹತ್ತು ಹೆಜ್ಜೆ ಯೋಚನೆ ಮಾಡಿದರು. "ನಮ್ಮ ಮೈದುನಾನೂ ಹಾಗೇ ಇದ್ದ. ಸ್ಕೂಟರ್ ಇತ್ತು. ಒಂದು ಹುಡುಗಿನೂ ಬರ್ಲಿಲ್ಲ."

ಐದು ನಿಮಿಷ

ಕಥೆ ಶುರುವಾದ ವಾರದಲ್ಲಿ ಇನ್ನಿಬ್ಬರು ಸೇರಿಕೊಂಡರು. ಒಬ್ಬರು ಕಂದಾಯ ಇಲಾಖೆಯಿಂದ ನಿವೃತ್ತರಾದ ಮೇಡಂ. ಇನ್ನೊಬ್ಬರು ದಾವಣಗೆರೆ ಕಡೆಯಿಂದ ಬಂದು ತಿಲಕ್ ನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿರೋ ಮನೆಯವರು, ಅಂಗಡಿಯಮ್ಮ. ಮೊದಲು ಹಿಂದೆ ಹಿಂದೆ ಬರುತ್ತಿದ್ದರು. ಮೂರನೇ ದಿನ ಅಂಗಡಿಯಮ್ಮ "ಸ್ವಲ್ಪ ಗಟ್ಟಿಯಾಗಿ ಹೇಳ್ರೀ, ನಮಗೂ ಕೇಳ್ಬೇಕಲ್ಲ" ಅಂದರು. ಕಾನೂನು ಒಂದೇ: ಕಾಲು ನಿಂತರೆ ಕಥೆ ನಿಲ್ಲುತ್ತೆ.

ಕಥೆಯಲ್ಲಿ ದೊಡ್ಡ ಪಾರ್ಟಿ. ಗಲಾಟೆ ತಾಳಲಾರದೆ ನಾಯಕಿ ಪುಸ್ತಕದ ಕೋಣೆಗೆ ಹೋಗ್ತಾಳೆ. ಅಲ್ಲಿ ಡ್ಯೂಕ್ ಇರ್ತಾನೆ. ಐದು ನಿಮಿಷ ಇಬ್ಬರೇ. ಅಷ್ಟರಲ್ಲಿ ಯಾರೋ ಬಾಗಿಲು ತೆಗೀತಾರೆ. ಮಾನ ಹೋಯ್ತು, ಇನ್ನು ಮದುವೆ ಆಗಲೇಬೇಕು.

"ಮುಟ್ಟಿದ್ನಾ?" ಕಂದಾಯ ಮೇಡಂ ಕೇಳಿದರು.

"ಇಲ್ಲ. ಪುಸ್ತಕ ಎತ್ತಿಕೊಟ್ಟ."

"ಇಪ್ಪತ್ತಾರು ವರ್ಷ ಒಬ್ಬ ಶಿರಸ್ತೇದಾರರ ಜೊತೆ ರೆಕಾರ್ಡ್ ರೂಮಿನಲ್ಲಿ ಕೂತಿದ್ದೀನಿ" ಅಂದರು ಮೇಡಂ. "ದಿನಾ ಎಷ್ಟು ಫೈಲು ಎತ್ತಿಕೊಟ್ಟಿದ್ದಾರೆ. ಕೊನೆಗೆ ಒಂದು ಬೀಳ್ಕೊಡುಗೆ ಶಾಲು ಬಂತು, ಅಷ್ಟೇ."

ಆಸ್ತಿ ವಿಚಾರ

ಈ ಪುಸ್ತಕಗಳಲ್ಲಿ ಕೆಲವು ಪುಟಗಳಿರ್ತವೆ. ಬಸ್ಸಿನಲ್ಲಿ ಓದುವಾಗ ಪಕ್ಕದವರು ನೋಡ್ತಾರೇನೋ ಅಂತ ಅರ್ಧ ಮುಚ್ಚಿಕೊಂಡು ಓದೋ ಪುಟಗಳು. ಕೆರೆ ಸುತ್ತ ಬೆಳಿಗ್ಗೆ ಆರೂವರೆಗೆ, ಹಿಂದೆ ಮಂಕಿ ಕ್ಯಾಪ್ ಹಾಕಿದ ಅಂಕಲ್‌ಗಳು ಬರುವಾಗ, ಅವನ್ನ ಹೇಗೆ ಹೇಳೋದು? ನಾನೊಂದು ದಾರಿ ಮಾಡಿಕೊಂಡೆ. "ಆಮೇಲೆ ಇಬ್ಬರೂ ಬೆಳಗಿನ ತನಕ ಮಾತಾಡಿದರು" ಅಂತ ದಾಟಿಸಿಬಿಡುತ್ತಿದ್ದೆ.

ಮೂರನೇ ಸಲ ಅಕ್ಕ ಬಿಡಲಿಲ್ಲ. "ಅಷ್ಟೊತ್ತು ಏನೇ ಮಾತಾಡಿದ್ರು?"

"ಆಸ್ತಿ ವಿಚಾರ" ಅಂದೆ.

ಕಂದಾಯ ಮೇಡಂ ಖುಷಿಯಾದರು. ಮದುವೆಯಾದ ಮೇಲೆ ಗಂಡ ಹೆಂಡತಿ ಮೊದಲು ಮಾಡಬೇಕಾದ ಕೆಲಸ ಅದೇ, ನಮ್ಮೋರು ಮಾಡಲ್ಲ ಅಂದರು. ನಾಲ್ಕು ದಿನ ಬಿಟ್ಟು ಕಥೆಯಲ್ಲಿ ನಾಯಕಿಗೆ ತಲೆಸುತ್ತು, ವಾಂತಿ, ವೈದ್ಯರು ಬಂದು ಶುಭ ಸಮಾಚಾರ ಹೇಳಿದರು.

ಅಂಗಡಿಯಮ್ಮ ಮುಂದೆ ನೋಡಿಕೊಂಡೇ ನಡೆಯುತ್ತಿದ್ದರು. "ಅಲ್ರೀ," ಅಂದರು, "ನಾವೂ ಆಸ್ತಿ ವಿಚಾರ ಮಾತಾಡೀವಿ. ನಮಗೆ ಬರೇ ಜಗಳ ಆತು."

ಅಣ್ಣನೋ, ಗಂಡನೋ

ಮೊದಲ ಕಾದಂಬರಿ ಮುಗಿದಾಗ ನನಗೊಂದು ಸತ್ಯ ಗೊತ್ತಾಯ್ತು. ಮಾರನೇ ದಿನ ಅಕ್ಕ ಬರಲಿಲ್ಲ. "ಮುಗೀತಲ್ಲ, ಇನ್ನೇನು" ಅಂತ ಮೂರು ದಿನ ಮನೆಯಲ್ಲೇ ಕೂತರು. ಆ ಮೂರು ದಿನ ನನಗೆ ಊಟ ಸೇರಲಿಲ್ಲ. ಕಾಡಿ ಬೇಡಿ ಎರಡನೇ ಕಥೆಗೆ ಹೊರಡಿಸಿದೆ.

ಒಬ್ಬ ಲಾರ್ಡ್ ಸಾಯ್ತಾನೆ. ಗಂಡು ಮಕ್ಕಳಿಲ್ಲ, ಒಬ್ಬಳೇ ಮಗಳು. ಬಂಗಲೆ, ಬಿರುದು ಎಲ್ಲಾ ಅವನ ತಮ್ಮನ ಮಗನಿಗೆ ಹೋಗುತ್ತೆ. ಆ ಹುಡುಗ ಬಂಗಲೆಗೆ ಬರ್ತಾನೆ. ಎತ್ತರದ ಆಳು, ಬೂದು ಕಣ್ಣು. ಹುಡುಗಿಗೆ ಅವನ ಮೇಲೆ ಪ್ರೀತಿಯಾಗುತ್ತೆ.

ಅಂಗಡಿಯಮ್ಮ ಕಾನೂನು ಮುರಿದು ನಿಂತೇಬಿಟ್ಟರು. "ಏನ್ರೀ ಅಸಹ್ಯ! ಚಿಕ್ಕಪ್ಪನ ಮಗ ಅಂದ್ರ ಅಣ್ಣ ಅಲ್ಲೇನ್ರೀ!"

ನಾನು ನಲವತ್ತು ವರ್ಷದಿಂದ ಇಂಥ ಕಥೆ ಓದ್ತಿದ್ದೀನಿ. ಒಂದು ದಿನವೂ ನನಗೆ ಇದು ಹೊಳೆದಿರಲಿಲ್ಲ. ಅಕ್ಕ ಬೆಂಚಿನ ಮೇಲೆ ಕೂತು ಸೆರಗು ಹೊದ್ದುಕೊಂಡರು. "ಸಕ್ಕರೆ ಇಳಿಸೋಕೆ ಬಂದು ಪಾಪ ಏರಿಸಿಕೊಳ್ಳೋದು ನನ್ನ ಕೈಲಾಗಲ್ಲಮ್ಮ." ಅವತ್ತು ಎರಡೇ ಸುತ್ತು.

ಮಾರನೇ ದಿನ ಹೊಸ ಸಮಾಚಾರ ತಂದೆ. "ನಾನೇ ಸರಿಯಾಗಿ ಓದಿರಲಿಲ್ಲ. ಹುಡುಗ ಸೋದರತ್ತೆ ಮಗ."

"ಅದನ್ನ ಮೊದಲೇ ಹೇಳಬಾರದಾ!" ಅಂತ ಅಕ್ಕ ಎದ್ದು ಮುಂದೆ ಮುಂದೆ ನಡೆದರು. ಸೋದರತ್ತೆ ಮಗ ಅಂದಮೇಲೆ ಪ್ರೀತಿ ಯಾಕೆ, ನೇರವಾಗಿ ಮುಹೂರ್ತ ಇಡಬಹುದು ಅಂದರು ಅಂಗಡಿಯಮ್ಮ. ಎಲ್ಲರಿಗೂ ಸಮಾಧಾನ. ಕಂದಾಯ ಮೇಡಂ ಮಾತ್ರ ಒಂದು ಪೂರ್ತಿ ಸುತ್ತು ಬೆರಳು ಮಡಚಿ ಲೆಕ್ಕ ಹಾಕಿದರು.

"ಅತ್ತೆ ಮಗನ ಹೆಸರಿಗೆ ಖಾತೆ ಹೇಗಾಯ್ತು?"

"ಲಾರ್ಡು ವಿಲ್ ಬರೆದಿದ್ರು ಮೇಡಂ."

"ಪಿತ್ರಾರ್ಜಿತ ಆಸ್ತೀನ ಪೂರ್ತಿ ವಿಲ್ ಬರೆಯೋಕೆ ಬರಲ್ಲ. ಬೇಕಾದ್ರೆ ಆ ಹುಡುಗನ್ನ ಲಾರ್ಡು ದತ್ತು ತಗೊಂಡಿದ್ರು ಅಂತ ಮಾಡಿ. ಪೇಪರ್ ಕ್ಲೀನಾಗುತ್ತೆ."

"ದತ್ತು ತಗೊಂಡ್ರ ಮತ್ತ ಅಣ್ಣ ಆದ್ನಲ್ರೀ!" ಅಂಗಡಿಯಮ್ಮ ಕೂಗಿದರು.

ಎರಡು ದಿನ ಕೆರೆ ಸುತ್ತ ಇದೇ ವ್ಯಾಜ್ಯ. ಒಬ್ಬರು ಮದುವೆ ಬಿಡಲ್ಲ, ಒಬ್ಬರು ಖಾತೆ ಬಿಡಲ್ಲ. ಕೊನೆಗೆ ನಾನು ಬಂಗಲೆಯನ್ನ ಒಂದು ಅನಾಥಾಶ್ರಮಕ್ಕೆ ಬರೆದುಕೊಟ್ಟು ಹುಡುಗ ಹುಡುಗಿಗೆ ಸರಳ ವಿವಾಹ ಮಾಡಿಸಿದೆ. ಪುಸ್ತಕದಲ್ಲಿ ಇನ್ನೂ ಇನ್ನೂರು ಪುಟ ಬಾಕಿಯಿತ್ತು. ಅಷ್ಟೂ ಆ ಬಂಗಲೆ ಬಗ್ಗೆಯೇ ಇತ್ತು.

ಟೀ ಯಾರು ಕಾಯಿಸಿದ್ದು

ಪ್ರೀತಿಯ ಸಹವಾಸ ಸಾಕು ಅಂತ ಮೂರನೇದಕ್ಕೆ ಕೊಲೆ ಆರಿಸಿಕೊಂಡೆ. ವಿಕ್ಟೋರಿಯಾ ರಾಣಿ ಕಾಲದ ಲಂಡನ್ನು. ಶ್ರೀಮಂತ ಮುದುಕನೊಬ್ಬ ಮನೆಯವರ ಜೊತೆ ಕೂತು ಟೀ ಕುಡೀತಾನೆ. ಕುಡಿದು ಅಲ್ಲೇ ಸಾಯ್ತಾನೆ. ಟೀಯಲ್ಲಿ ವಿಷ.

"ಉಳಿದವರು?" ಅಕ್ಕ ಕೇಳಿದರು.

"ಅವರಿಗೇನೂ ಆಗಲಿಲ್ಲ."

"ಒಂದೇ ಪಾತ್ರೆಲಿ ಕುದಿಸಿದ ಟೀ ಕುಡಿದು ಒಬ್ಬನೇ ಹೇಗೇ ಸಾಯ್ತಾನೆ? ಬರೆದವನಿಗೆ ಅಡುಗೆಮನೆ ಗೊತ್ತಿಲ್ಲ ಬಿಡು."

ಅಲ್ಲಿ ಹಾಗಲ್ಲ ಅಕ್ಕ, ಡಿಕಾಕ್ಷನ್ ಬೇರೆ, ಹಾಲು ಬೇರೆ, ಸಕ್ಕರೆ ಬೇರೆ, ಅವರವರೇ ಹಾಕ್ಕೋತಾರೆ ಅಂತ ವಿವರಿಸಿದೆ. ವಿಷ ಇದ್ದದ್ದು ಸಕ್ಕರೆ ಬಟ್ಟಲಲ್ಲಿ. ಸಕ್ಕರೆ ಹಾಕ್ಕೊಂಡವನು ಅವನೊಬ್ಬನೇ.

ಅಕ್ಕ ಅವತ್ತು ಮನೆಗೆ ಬಂದು ಕಾಫಿಗೆ ಸಕ್ಕರೆ ಡಬ್ಬಿ ತೆಗೆದವರು ಹಾಗೇ ಮುಚ್ಚಿಟ್ಟರು. ಮಾರನೇ ದಿನವೂ ಮುಟ್ಟಲಿಲ್ಲ. ಎಂಟು ವರ್ಷದಿಂದ ಡಾಕ್ಟ್ರು ಬಾಯಿ ಬಡ್ಕೊಂಡರೂ ಆಗದಿದ್ದ ಕೆಲಸ, ಲಂಡನ್ನಿನಲ್ಲಿ ಒಬ್ಬ ಸತ್ತಿದ್ದಕ್ಕೆ ಆಯ್ತು.

ಹೆಣಗಳು

ಟೆಸ್ಟಿಗೆ ಇನ್ನೂ ಒಂದು ತಿಂಗಳಿತ್ತು. ಆಗ ಕಂದಾಯ ಮೇಡಂ ಎರಡನೇ ಸುತ್ತಿನಲ್ಲಿ, ನೀರಿನ ಬಾಟಲಿ ಮುಚ್ಚಳ ತಿರುಗಿಸುತ್ತಾ, "ಆ ಮನೆ ಲಾಯರ್‌ದೇ ಕೆಲಸ. ನಾನು ಲಾಯರ್‌ಗಳನ್ನ ಬೇಕಾದಷ್ಟು ನೋಡಿದ್ದೀನಿ" ಅಂದುಬಿಟ್ಟರು.

ಪುಸ್ತಕದಲ್ಲೂ ಲಾಯರೇ. ಹೌದು ಅಂದರೆ ಕಥೆ ಮುಗೀತು. ಕಥೆ ಮುಗಿದರೆ ಅಕ್ಕ ಮತ್ತೆ ಕೂರ್ತಾರೆ. ಕೂತರೆ ಸೂಜಿ. ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ಕೆರೆ ಗೇಟು ದಾಟುತ್ತಲೇ "ಲಾಯರ್ ಸತ್ತ" ಅಂದೆ.

"ಯಾರು ಕೊಂದ್ರು?" ಮೂವರೂ ಒಟ್ಟಿಗೆ.

"ನಡೀರಿ, ಹೇಳ್ತೀನಿ."

ಅಲ್ಲಿಂದ ಮುಂದಕ್ಕೆ ಪುಸ್ತಕವನ್ನ ಬೀರುವಿನಲ್ಲಿಟ್ಟು ನಾನೇ ನಡೆಸಿದೆ. ಯಾರ ಮೇಲೆ ಇವರಿಗೆ ಅನುಮಾನ ಬಂತೋ ಅವನು ಮಾರನೇ ಬೆಳಿಗ್ಗೆಗೆ ಹೆಣ. ಬಟ್ಲರ್ ಹೋದ. ಅಳಿಯ ಹೋದ. ಕಂದಾಯ ಮೇಡಂ ಭಾರೀ ಚುರುಕು, ವಾರಕ್ಕೆ ಒಬ್ಬರನ್ನಾದರೂ ಹಿಡೀತಿದ್ದರು. ಕೊನೇ ವಾರದ ಹೊತ್ತಿಗೆ ಏಳು ಜನ ಸತ್ತಿದ್ದರು. ಉಳಿದಿದ್ದವರು ಇನ್ಸ್‌ಪೆಕ್ಟರು ಮತ್ತು ಅಡುಗೆಯವಳು. ಅಡುಗೆಯವಳ ತಂಟೆಗೆ ಹೋಗಬೇಡ ಅಂತ ಅಕ್ಕ ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಪಾಪ, ಒಬ್ಬರಿಗೇ ಬೇಯಿಸಿ ಹಾಕೋಕೆ ಅಷ್ಟು ದೊಡ್ಡ ಒಲೆ ಹಚ್ಚಬೇಕು ಅಂತ ಅವಳ ಮೇಲೆ ಕನಿಕರ ಬೇರೆ.

"ರಿಪೋರ್ಟ್ ಬಂದ ದಿನ ಕೊಲೆಗಾರ ಯಾರು ಅಂತ ಹೇಳ್ತೀನಿ" ಅಂತ ಮಾತು ಕೊಟ್ಟಿದ್ದೆ. ನಿಜ ಹೇಳಬೇಕೂಂದ್ರೆ, ಆ ಹೊತ್ತಿಗೆ ಅದು ನನಗೂ ಗೊತ್ತಿರಲಿಲ್ಲ.

ರಿಪೋರ್ಟು

ಆ ದಿನ ನಾನೂ ಜೊತೆಗೆ ಹೋದೆ. ಅಕ್ಕ ನನ್ನ ಕೈ ಹಿಡಿದುಕೊಂಡೇ ಕೂತರು. ಡಾಕ್ಟರು ರಿಪೋರ್ಟ್ ನೋಡಿದರು, ಹಿಂದಿನ ರಿಪೋರ್ಟ್ ನೋಡಿದರು, ಮತ್ತೆ ಇದನ್ನ ನೋಡಿದರು. "ಏಳು" ಅಂದರು. "ಸದ್ಯಕ್ಕೆ ಇಂಜೆಕ್ಷನ್ ಬೇಕಾಗಿಲ್ಲ."

ಅಕ್ಕ ನನ್ನ ಕೈ ಬಿಡಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಸುಮ್ಮನೆ ಗೋಡೆ ಮೇಲಿದ್ದ ಕಿಡ್ನಿ ಚಿತ್ರ ನೋಡುತ್ತಾ ಕೂತೆ.

"ಏನು ಮಾಡಿದ್ರಿ?" ಡಾಕ್ಟರು ಕೇಳಿದರು. "ಬೇರೆ ಮಾತ್ರೆ ಏನಾದರೂ ತಗೊಂಡ್ರಾ?"

"ಇಲ್ಲ ಡಾಕ್ಟ್ರೇ. ಏಳು ಜನ ಸತ್ತಿದ್ದಾರೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಅಕ್ಕ ಸಕ್ಕರೆ ಬಟ್ಟಲಿನಿಂದ ಶುರುಮಾಡಿ ಅಳಿಯನ ತನಕ ಬಿಡಿಸಿ ಬಿಡಿಸಿ ಹೇಳಿದರು. ನರ್ಸಮ್ಮ ಎರಡು ಸಲ ಬಾಗಿಲು ತೆಗೆದು "ಸಾರ್, ಹೊರಗಡೆ ತುಂಬಾ ಜನ" ಅಂದರು. ಮೂರನೇ ಸಲ ಒಳಗೆ ಬಂದು ಬಾಗಿಲು ಮುಚ್ಚಿ ನಿಂತರು.

"ಈಗ ಹೇಳೇ" ಅಂತ ಅಕ್ಕ ನನ್ನ ಕಡೆ ತಿರುಗಿದರು. "ಯಾರು? ಇನ್ಸ್‌ಪೆಕ್ಟರಾ?"

ನಾನು ಬಾಯಿ ತೆರೆದೆ.

"ಹೇಳಬೇಡಿ!" ಡಾಕ್ಟರು ಕೈ ಅಡ್ಡ ಹಿಡಿದರು. "ಮೇಡಂ, ಇನ್ನೂ ಮೂರು ತಿಂಗಳು ಯಾರೂ ಸಿಕ್ಕಿಹಾಕ್ಕೋಬಾರದು. ಇವರು ನಿಮ್ಮ ಮಾತು ಕೇಳ್ತಾರೆ. ನೀವು ನನ್ನ ಮಾತು ಮೀರಬಾರದು ಅಂತ ಬರೆದೇ ಕೊಡ್ತೀನಿ." ಚೀಟಿ ಎಳೆದುಕೊಂಡು, ಮಾಮೂಲಿ ಮಾತ್ರೆಗಳ ಕೆಳಗೆ, ಡಾಕ್ಟರ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಬರೆದರು. ಕೊಲೆಗಾರ: ಮೂರು ತಿಂಗಳಾದ ಮೇಲೆ, ಒಂದೇ ಸಲ, ಖಾಲಿ ಹೊಟ್ಟೆಯಲ್ಲಿ.

ಕೆಳಗೆ ಮೆಡಿಕಲ್ ಶಾಪಿನಲ್ಲಿ ಚೀಟಿ ಕೊಟ್ಟೆವು. ಅಂಗಡಿಯವರು ಕನ್ನಡಕ ಹಣೆಗೇರಿಸಿ, ಬೆರಳಿಟ್ಟು ಒಂದೊಂದೇ ಓದಿ ಮಾತ್ರೆ ತೆಗೆದಿಟ್ಟರು. ಕೊನೆಯ ಸಾಲಿಗೆ ಬಂದು ನಿಂತರು. ಚೀಟಿಯನ್ನ ದೂರ ಹಿಡಿದರು, ಹತ್ತಿರ ಹಿಡಿದರು, ಒಳಗೆ ಹೋಗಿ ಮೂರು ಡ್ರಾಯರ್ ಎಳೆದು ನೋಡಿ ಬಂದರು.

"ಉಳಿದಿದ್ದೆಲ್ಲ ಇದೆ ಮೇಡಂ" ಅಂದರು. "ಈ ಕೊನೇದು ಸ್ಟಾಕಿಲ್ಲ. ಅದೇ ಕಂಟೆಂಟ್ ಇರೋ ಬೇರೆ ಕಂಪನಿದು ಕೊಡ್ಲಾ?"