ಆಂದ್ರಾಸ್ತವ್ವನ ನ್ಯಾಯ

ದ್ಯಾಮಣ್ಣನಿಗೆ ಮೂರ್ತಿ ಬೇಕಿರಲಿಲ್ಲ, ಮಾತು ಬೇಕಿತ್ತು. ಅವನಿದ್ದ ಪರದೇಶದ ಊರು ಎರಿನ್ ಮಿಲ್ಸಿನಲ್ಲಿ, ಮನೆಯ ಹಳೇ ಸಾಮಾನು ಮಾರುವ ಗರಾಜ್ ಸೇಲಿನಲ್ಲಿ ಬಿಳಿ ಅಜ್ಜಿಯೊಬ್ಬಳು ಅರ್ಧ ತಾಸು ಮಾತಾಡಿಸಿದಳು. ಬರಿಗೈಲಿ ಬರಲು ನಾಚಿಕೆಯಾಗಿ, ಈಟಿ ಹಿಡಿದ ಕಲ್ಲಿನ ಹೆಂಗಸನ್ನು ಹೊತ್ತು ತಂದು ಹಿತ್ತಲಲ್ಲಿ ನಿಲ್ಲಿಸಿದ.

ಹೆಂಡತಿ ತೀರಿಕೊಂಡ ಮೇಲೆ ಅವನ ಮನೆಗೆ ಬರುವವರು ಇಬ್ಬರೇ: ಎಡಮನೆಯ ಚನ್ನಬಸವ್ವ, ಬಲಮನೆಯ ಜಯಾ. ಅದೂ ಒಬ್ಬರ ಮೇಲೊಬ್ಬರು ದೂರು ಹೇಳಲು. ಇಬ್ಬರ ಹಿತ್ತಲಿನ ಮೆಂತ್ಯಸೊಪ್ಪನ್ನೂ ಒಂದು ಮೊಲ ಮೇಯುತ್ತಿತ್ತು. ಅದನ್ನು ಸಾಕಿದವಳು ಅವಳೇ ಎಂದು ಇವಳು, ಇವಳೇ ಎಂದು ಅವಳು. ದೂರಿನ ಜೊತೆ ಒಬ್ಬಳು ಎಣ್ಣೆಗಾಯಿ ತಂದರೆ ಇನ್ನೊಬ್ಬಳು ಬಿಸಿಬೇಳೆಭಾತ್. ಇಬ್ಬರ ಜಗಳ ಮೂರನೆಯವನಿಗೆ ಲಾಭ. ಆದರೆ ದ್ಯಾಮಣ್ಣನಿಗೆ ಊಟಕ್ಕಿಂತ ಎದುರಿಗೊಂದು ಮುಖ ಬೇಕಿತ್ತು.

"ಯಾವ ದೇವಿಯಪಾ ಈಕಿ?" ಚನ್ನಬಸವ್ವ ಬೇಲಿಯಾಚೆಯಿಂದ ಕೇಳಿದಳು.

"ಆಂದ್ರಾಸ್ತೆ ಅಂತ್ರಿ ಅಕ್ಕಾರ. ಹಳೇ ಕಾಲದ ಬ್ರಿಟನ್ ದೇವಿ. ಯುದ್ಧದಾಗ ಗೆಲುವು ಕೊಡತಾಳಂತ."

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಆಕೆ ಹೋಗಿಬಿಡುತ್ತಾಳಲ್ಲ! "ಆಗಿನ ರಾಣಿಯೊಬ್ಬಾಕಿ ಯುದ್ಧಕ್ಕ ಹೋಗೂ ಮುಂದ ಉಡಿಯೊಳಗಿಂದ ಮೊಲಾ ಬಿಟ್ಟಳಂತ್ರಿ. ಅದು ಓಡಿದ ದಿಕ್ಕು ನೋಡಿ ಗೆಲುವು ಹೇಳತಿದ್ರಂತ."

"ಮೊಲಾ? ಹಂಗಾರ ನಮ್ಮ ನ್ಯಾಯಾನೂ ಇವತ್ತ ಆಗೇ ಹೋಗ್ಲಿ!"

ತಾಸಿನೊಳಗೆ ಚನ್ನಬಸವ್ವನ ಕೈಯಲ್ಲಿ ಆಂದ್ರಾಸ್ತೆ ಆಂದ್ರಾಸ್ತವ್ವ ಆದಳು. ಹಣೆಗೆ ಭಂಡಾರ, ಈಟಿಗೆ ಹಸಿರು ಬಳೆ, ಉಡಿಗೆ ಖಣ, ತೆಂಗಿನಕಾಯಿ. ಗಂಟೆ ಸದ್ದಿಗೆ ಜಯಾ ಓಡಿ ಬಂದಳು.

"ಇದೇನ್ರೀ ದ್ಯಾಮಣ್ಣೋರೇ ಪಾರ್ಶಿಯಾಲಿಟಿ? ನಾನೂ ಮಡಿಲು ತುಂಬ್ತೀನಿ!"

ಎರಡು ಮನೆಯ ತೆಂಗಿನಕಾಯಿ ಹೊತ್ತ ದೇವಿ ಈಗ ದಿನಸಿ ಅಂಗಡಿಯಿಂದ ಬಂದವಳಂತೆ ಕಂಡಳು.

"ಮೊಲಾ ಯಾರ ಹಿತ್ತಲಕ್ಕ ಓಡತೈತೋ, ಅವರೇ ಸಾಕಿದವರು," ಎಂದಳು ಚನ್ನಬಸವ್ವ.

"ಆಗ್ಲಿ ನೋಡೇ ಬಿಡೋಣ," ಎಂದಳು ಜಯಾ.

ದ್ಯಾಮಣ್ಣ ಅಡ್ಡ ಬಂದ. "ಮೊದಲ ಚಾ ಕುಡಿಯೂಣ್ರಿ..." ಕೇಳುವವರಾರು? ಹಿತ್ತಲ ಮೂಲೆಯಲ್ಲಿ ಹುಲ್ಲು ಮೇಯುತ್ತಿದ್ದ ಮೊಲದ ಹಿಂದೆ ಜಯಾ ಚಪ್ಪಾಳೆ ತಟ್ಟಿಯಾಗಿತ್ತು. ಅದು ಎಡಕ್ಕೂ ಓಡಲಿಲ್ಲ, ಬಲಕ್ಕೂ ಓಡಲಿಲ್ಲ. ನೆಟ್ಟಗೆ ದ್ಯಾಮಣ್ಣನ ಹಿಂಬಾಗಿಲ ಮರದ ಜಗುಲಿಯ, ಅಂದರೆ ಡೆಕ್ಕಿನ, ಕೆಳಗೆ ನುಗ್ಗಿತು.

ಜಯಾ ಫೋನಿನ ಬೆಳಕು ಬಿಟ್ಟು ಬಗ್ಗಿ ನೋಡಿದಳು. ಹಳೆಯ ಸ್ವೆಟರಿನ ಹಾಸಿಗೆ. ಪಕ್ಕದಲ್ಲಿ ಸ್ಟೀಲ್ ತಟ್ಟೆ, ಅದರ ತುಂಬ ಹೆಚ್ಚಿದ ಗಜ್ಜರಿ. ತಟ್ಟೆಯ ಅಂಚಿಗೆ ಕೆತ್ತಿದ ಹೆಸರು: ಚನ್ನಬಸವ್ವ.

"ಹೋಳಿಗಿ ಕೊಟ್ಟ ತಾಟಿನ್ಯಾಗ ಮೊಲಾ ಸಾಕೀಯೇನೋ!"

"ಒಬ್ಬಾಂವಗ ಉಣ್ಣಾಕ ಆಗೂದಿಲ್ರಿ ಅಕ್ಕಾರ," ದ್ಯಾಮಣ್ಣ ತಲೆ ತಗ್ಗಿಸಿದ. "ಅದು ಜೋಡಿ ಕುಂತು ತಿಂತಿತ್ತು."

ಹೆಂಗಸರಿಬ್ಬರೂ ಮುಖಮುಖ ನೋಡಿಕೊಂಡರು. "ಸುಮ್ಮನೆ ನಿಮ್ಮ ಮೇಲೆ ಅನುಮಾನ ಪಟ್ಟೆ," ಎಂದಳು ಜಯಾ. "ನಂದೂ ತಪ್ಪೈತ್ರಿ. ಬರ್ರಿ, ಬಿಸಿ ರೊಟ್ಟಿ ಬಡೀತೀನಿ," ಎಂದು ಚನ್ನಬಸವ್ವ ಆಕೆಯ ಕೈ ಹಿಡಿದು ಕರೆದೊಯ್ದಳು. ದೇವಿ ಇಬ್ಬರನ್ನೂ ಗೆಲ್ಲಿಸಿದ್ದಳು.

ಸಂಜೆ ಇಬ್ಬರೂ ಜೊತೆಯಾಗಿ ಬರುವುದನ್ನು ಕಂಡು ದ್ಯಾಮಣ್ಣನ ಜೀವ ಹಿಗ್ಗಿತು. ಕ್ಷಮಿಸಿದರು ಎಂದುಕೊಂಡು ಗಡಿಬಿಡಿಯಲ್ಲಿ ಮೂರು ಕಪ್ಪು ಚಹಾಕ್ಕಿಟ್ಟ. ಅವರು ತಂತಿ ಬಲೆ ತಂದಿದ್ದರು. ಮೊಲವನ್ನು ಓಡಿಸಿ, ಡೆಕ್ಕಿನ ಸುತ್ತ ಬಲೆ ಬಡಿದು, ಏನನ್ನೋ ನೆನೆದು ನಗುತ್ತ ಹೊರಟುಹೋದರು.

ದ್ಯಾಮಣ್ಣ ಮೂರೂ ಕಪ್ಪು ಒಬ್ಬನೇ ಕುಡಿದ.