ಎಲ್ಲದರ ಮೇಲೂ ಬರೆಯುವ ಯಂತ್ರ

ನನಗೆ ಸಿಟ್ಟು ಬರುತ್ತದೆ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ತಪ್ಪು ಅವರದಲ್ಲ. ಸಿಟ್ಟು ಬಂದವರು ಮಾಡಬೇಕಾದ ಯಾವ ಕೆಲಸವೂ ನನ್ನಿಂದ ಆಗುವುದಿಲ್ಲ. ದನಿ ಏರುವುದಿಲ್ಲ, ಬಾಗಿಲು ಬಡಿಯಲು ಕೈ ಬರುವುದಿಲ್ಲ, ಊಟ ಬಿಡುವುದಂತೂ ದೂರದ ಮಾತು. ಸಿಟ್ಟು ಬಂದಾಗ ನಾನು ಬಟ್ಟೆ ಮಡಚುತ್ತೇನೆ. ಅಂಚಿಗೆ ಅಂಚು ಕೂಡಿಸಿ, ಸುಕ್ಕನ್ನು ಹಲ್ಲು ಕಚ್ಚಿಕೊಂಡು ಒತ್ತಿ, ಒಂದರ ಮೇಲೊಂದು ಇಡುತ್ತೇನೆ. ಅವ್ವ ಅದನ್ನು ನೋಡಿ ಪಕ್ಕದ ಮನೆಯವರಿಗೆ, "ನಮ್ಮ ಹುಡುಗಿ ಭಾಳ ಶಾಂತ ಅದಾಳ್ರಿ" ಎನ್ನುತ್ತಾಳೆ. ಹೋದ ವರ್ಷ ನಮ್ಮ ಮನೆಯ ಕಪಾಟುಗಳಷ್ಟು ಅಚ್ಚುಕಟ್ಟಾದ ಕಪಾಟುಗಳು ಇಡೀ ಕುಷಾಯಿಗೂಡದ ಬಡಾವಣೆಯಲ್ಲಿ ಇದ್ದಿರಲಿಕ್ಕಿಲ್ಲ. ಅದಕ್ಕೆ ಕಾರಣ ಒಂದು ಲೇಸರ್ ಕೆತ್ತನೆಯ ಯಂತ್ರ.

ಅದಕ್ಕೂ ಮೊದಲು ನಾನು, ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು, ಮನೆಯಲ್ಲಷ್ಟೇ ಕನ್ನಡ ನಡೆಯುವ ಈ ಊರಿನ ಇನ್ನೊಂದು ತುದಿಯ ಗಾಜಿನ ಕಟ್ಟಡವೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವ ಕೆಲಸ. ಅದು ನನ್ನ ಸ್ವಭಾವಕ್ಕೆ ಹೊಂದುತ್ತಿತ್ತು. ಹೊಂದದೇ ಇದ್ದದ್ದು ಬಸ್ಸು. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ, ಎರಡೂ ಕಡೆ ಯಾರದೋ ಟಿಫಿನ್ ಕ್ಯಾರಿಯರ್ ನನ್ನ ಪಕ್ಕೆಲುಬಿನಲ್ಲಿ. ಕಿಟಕಿಯಾಚೆ ದಿನಕ್ಕೊಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಇಷ್ಟು ಮನೆಗಳಿದ್ದ ಮೇಲೆ ಇಷ್ಟು ಬಾಗಿಲುಗಳು, ಇಷ್ಟು ಬಾಗಿಲುಗಳಿದ್ದ ಮೇಲೆ ಇಷ್ಟು ನಾಮಫಲಕಗಳು ಎಂದು ಒಂದು ದಿನ ನಿಂತಲ್ಲೇ ಲೆಕ್ಕ ಹಾಕಿದೆ. ಮೂರು ತಿಂಗಳ ಸಂಬಳವಿಲ್ಲದ ರಜೆ ಕೇಳಿದೆ. ಅಪ್ಪ ನಮ್ಮ ಬಡಾವಣೆಯ ಪಕ್ಕದ ಸರಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸರ್ಕ್ಯೂಟ್ ಹಲಗೆಗಳನ್ನು ಪರೀಕ್ಷಿಸಿ ನಿವೃತ್ತರಾದವರು. ಪರೀಕ್ಷೆ ಇಲ್ಲದೆ ಏನನ್ನೂ ಪಾಸು ಮಾಡುವವರಲ್ಲ. "ಮೂರು ತಿಂಗಳು ನೋಡೂಣು. ಮಂದಿ ಕೆಲಸ ತಂದು ಕೊಟ್ರ ನಿನ್ನ ದಾರಿ ನಿನಗ. ಇಲ್ಲಂದ್ರ ಸುಮ್ಮನ ಮತ್ತ ಬಸ್ ಹತ್ತಬೇಕು" ಎಂದರು. ನಾನು ಒಪ್ಪಿದೆ. ಆ ಬಸ್ಸನ್ನು ಮತ್ತೆ ಹತ್ತದೇ ಇರಲು ನಾನು ಯಾವ ಷರತ್ತಿಗಾದರೂ ಒಪ್ಪುತ್ತಿದ್ದೆ.

ಯಂತ್ರವನ್ನು ಆರಿಸಲು ನಾನು ಒಂದು ಪಟ್ಟಿ ಮಾಡಿದೆ. ಐದು ಯಂತ್ರ, ಇಪ್ಪತ್ತೊಂದು ಕಾಲಂ. ಶಕ್ತಿ ಎಷ್ಟು, ಲೇಸರ್ ಬೆಳಕು ಹುಟ್ಟುವ ಗಾಜಿನ ಕೊಳವೆಯ ಆಯುಷ್ಯ ಎಷ್ಟು, ಕೆಟ್ಟರೆ ಬಿಡಿಭಾಗ ಎಲ್ಲಿ ಸಿಗುತ್ತದೆ, ಯಾವುದರ ಮೇಲೆ ಬರೆಯುತ್ತದೆ, ಯಾವುದರ ಮೇಲೆ ಬರೆಯುವುದಿಲ್ಲ. ಹದಿನೈದು ದಿನ ಓದಿದ್ದರ ಸಾರವೆಲ್ಲ ಅದರಲ್ಲಿತ್ತು. ಅದನ್ನು ಫೈಲಿನಲ್ಲಿಟ್ಟುಕೊಂಡು ಅಂಗಡಿಗೆ ಹೋದೆ. ಒಬ್ಬಳೇ ಹೋಗಬೇಕೆಂದಿದ್ದೆ. ಅಪ್ಪ ಶರ್ಟು ಇಸ್ತ್ರಿ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಅಂಗಡಿಯ ಸೇಲ್ಸ್‌ಮನ್ ಒಬ್ಬ ಲವಲವಿಕೆಯ ಮನುಷ್ಯ. ನನ್ನನ್ನು ನೋಡಿ ಕುರ್ಚಿ ಎಳೆದ, ಅಪ್ಪನನ್ನು ನೋಡಿ ಮಾತು ಶುರು ಮಾಡಿದ. "ಮೇಡಂ ಕೂ ಟೈಂಪಾಸ್ ಕೇ ವಾಸ್ತೇ ಕ್ಯಾ ಸಾಬ್?" ಎಂದು, ನನ್ನ ಹೊತ್ತು ಹೋಗಲೆಂದೇ ಯಂತ್ರ ಕೊಳ್ಳುತ್ತಿದ್ದೇವೆಂಬಂತೆ ಕೇಳಿದ. ನಾನು ಫೈಲು ತೆರೆದು, ಕೊಳವೆ ಎಷ್ಟು ಗಂಟೆ ಬಾಳುತ್ತದೆ ಎಂದು ಕೇಳಿದೆ. ಅವನು ಅಪ್ಪನಿಗೆ ಉತ್ತರ ಹೇಳಿದ. ಯಂತ್ರದೊಳಗಿನ ಕನ್ನಡಿಗಳನ್ನು ಹೊಂದಿಸಿ ಕೊಡುತ್ತೀರಾ ಎಂದು ಕೇಳಿದೆ. ಅಪ್ಪನಿಗೆ, "ಟೆನ್ಷನ್ ನಕ್ಕೋ ಲೇವೋ ಸಾಬ್" ಎಂದ. ಟೆನ್ಷನ್ ತೆಗೆದುಕೊಂಡಿದ್ದವಳು ನಾನು, ಬೇಡವೆನಿಸಿಕೊಂಡವರು ಅಪ್ಪ. ಪ್ರಶ್ನೆ ನನ್ನ ಬಾಯಿಂದ ಹೊರಟು ಉತ್ತರ ಅಪ್ಪನ ಕಿವಿಗೆ ಬೀಳುವ ಈ ತ್ರಿಕೋನ ಅರ್ಧ ಗಂಟೆ ನಡೆಯಿತು. ಅಪ್ಪನಿಗೆ ನಿವೃತ್ತಿಯ ನಂತರ ಯಾರೂ ಇಷ್ಟು ಸಲ ಸಾಬ್ ಅಂದಿರಲಿಲ್ಲ. ಅವರು ನಡುನಡುವೆ ಗಂಭೀರವಾಗಿ ತಲೆಯಾಡಿಸುತ್ತ, ಯಂತ್ರದ ಮೈಯನ್ನು ಬೆರಳಿನಿಂದ ಬಡಿದು ನೋಡುತ್ತಿದ್ದರು, ಕಲ್ಲಂಗಡಿ ಕೊಳ್ಳುವವರ ಹಾಗೆ.

ಕೊನೆಗೆ ಅಪ್ಪ ತಾವಾಗಿಯೇ ಒಂದು ಪ್ರಶ್ನೆ ಕೇಳಿದರು. ಇದು ಯಾವುದರ ಮೇಲೆಲ್ಲ ಬರೆಯುತ್ತದೆ? "ಸಬ್ ಪೇ ಲಿಖ್ತಾ ಸಾಬ್" ಎಂದ ಅವನು. ಕಟ್ಟಿಗೆ, ಗಾಜು, ಉಕ್ಕು, ಎಲ್ಲದರ ಮೇಲೂ.

ಅದು ಸುಳ್ಳು. ಅದು ಸುಳ್ಳೆಂದು ನನಗೆ ಗೊತ್ತಿತ್ತು. ನಾವು ನೋಡುತ್ತಿದ್ದ ಜಾತಿಯ ಲೇಸರ್ ಬರಿಯ ಉಕ್ಕಿನ ಮೇಲೆ ಗುರುತು ಮೂಡಿಸುವುದಿಲ್ಲ. ಬೆಳಕು ತಟ್ಟೆಯಿಂದ ಜಾರುವ ಎಣ್ಣೆಯ ಹಾಗೆ ಜಾರಿಹೋಗುತ್ತದೆ. ನನ್ನ ಪಟ್ಟಿಯ ಹದಿನಾಲ್ಕನೆಯ ಕಾಲಮ್ಮಿನಲ್ಲಿ ಅದನ್ನು ನಾನೇ ಬರೆದಿದ್ದೆ. ನನಗೆ ಬೇಕಾದದ್ದು ಕಟ್ಟಿಗೆ ಮತ್ತು ಅಕ್ರಿಲಿಕ್ ಆದ್ದರಿಂದ ಅದರಿಂದ ನನಗೇನೂ ನಷ್ಟವಿರಲಿಲ್ಲ. ಆಗಲೇ ಬಾಯಿಬಿಟ್ಟು ಹೇಳಬಹುದಾಗಿತ್ತು. ಹೇಳಲಿಲ್ಲ. ಸಾಬ್ ಅಲ್ಲವೇ, ಸಾಬ್ ಕೇಳಿಸಿಕೊಳ್ಳಲಿ ಎಂದು ಫೈಲು ಮುಚ್ಚಿದೆ. ಅವನ ಸುಳ್ಳನ್ನು ಹಿಡಿದ ಸುಖವನ್ನು ನಾನೊಬ್ಬಳೇ ಅನುಭವಿಸಿದೆ. ಮನೆಗೆ ಬಂದು ಎಂಟು ದುಪ್ಪಟ್ಟಾ ಮಡಚಿದೆ.

ಯಂತ್ರ ಬಂತು. ಕಪಾಟಿನಷ್ಟು ದೊಡ್ಡದು, ಮೂರು ಜನ ಹೊತ್ತು ತಂದರು, ಹೊಂದಿಸಿ ಕೊಡಲು ಯಾರೂ ಬರಲಿಲ್ಲ. ಜೊತೆಗೆ ಬಂದ ಪುಸ್ತಕ ಚೀನಾದ ಯಾರೋ ನಿಘಂಟನ್ನು ತಲೆಕೆಳಗು ಹಿಡಿದು ಬರೆದ ಇಂಗ್ಲಿಷಿನಲ್ಲಿತ್ತು. ಮೂರು ಪುಟ್ಟ ಕನ್ನಡಿಗಳು ಬೆಳಕನ್ನು ಒಂದರಿಂದ ಒಂದಕ್ಕೆ ದಾಟಿಸಬೇಕು. ಕೂದಲೆಳೆಯಷ್ಟು ತಪ್ಪಿದರೂ ಬೆಳಕು ಎಲ್ಲಿಯೋ ಹೋಗಿ ಏನನ್ನೋ ಸುಡುತ್ತದೆ. ಕನ್ನಡಿಗೆ ಕಾಗದದ ಟೇಪು ಅಂಟಿಸಿ, ಸುಟ್ಟ ಚುಕ್ಕೆ ಎಲ್ಲಿ ಬಿತ್ತೆಂದು ನೋಡಿ, ಸ್ಕ್ರೂ ತಿರುಗಿಸಿ, ಮತ್ತೆ ಟೇಪು ಅಂಟಿಸಿ, ಹೀಗೆ ಆರು ದಿನ. ಅರ್ಥಿಂಗ್ ತಂತಿಯನ್ನು ಅಪ್ಪ ಎಳೆದುಕೊಟ್ಟರು, ಬಹಳ ಚೆನ್ನಾಗಿ. ಕೊಳವೆ ಬಿಸಿಯಾಗದಿರಲು ಅದರ ಸುತ್ತ ಸದಾ ನೀರು ಹರಿಯುತ್ತಿರಬೇಕು. ಅದಕ್ಕೊಂದು ಬಕೆಟ್ಟು, ಬಕೆಟ್ಟಿನಲ್ಲೊಂದು ಪಂಪು. ನಮ್ಮ ಬೀದಿಗೆ ನೀರು ಬರುವುದು ದಿನ ಬಿಟ್ಟು ದಿನ. ಬಂದ ನೀರಿನಲ್ಲಿ ಒಂದು ಬಕೆಟ್ಟು ಯಂತ್ರಕ್ಕೆ ಹೋಯಿತೆಂದು ಅವ್ವ ನೆಂಟರ ಫೋನುಗಳಲ್ಲಿ, "ಮನ್ಯಾಗ ಇನ್ನೊಂದು ಎಮ್ಮಿ ಕಟ್ಟಿಧಾಂಗ ಆಗೇತಿ, ನೀರು ಕುಡೀತದ, ಹಾಲು ಮಾತ್ರ ಇಲ್ಲ" ಎಂದು ಹೇಳತೊಡಗಿದಳು.

ಹಾಲಿನ ವಿಷಯದಲ್ಲಿ ಅವ್ವ ಹೇಳಿದ್ದು ನಿಜವಾಗಿತ್ತು. ಎರಡೂವರೆ ತಿಂಗಳಲ್ಲಿ ನಾನು ಮಾಡಿದ ನಾಮಫಲಕಗಳು ಎರಡು. ಒಂದು ನಮ್ಮ ಬಾಗಿಲಿನದು. ಹೊಸ ಅಪಾರ್ಟ್‌ಮೆಂಟುಗಳ ಜನ ಬಿಲ್ಡರ್ ಹಚ್ಚಿಕೊಟ್ಟ ನಂಬರಿನಲ್ಲೇ ಸುಖವಾಗಿದ್ದರು. ಅಪ್ಪ ಕ್ಯಾಲೆಂಡರಿನಲ್ಲಿ ನನ್ನ ರಜೆ ಮುಗಿಯುವ ಸೋಮವಾರದ ಸುತ್ತ ಪೆನ್ಸಿಲಿನಿಂದ ಒಂದು ವೃತ್ತ ಎಳೆದಿದ್ದರು. ನಾನು ಹಾಸಿಗೆಯ ಚಾದರಗಳನ್ನೂ ಮಡಚತೊಡಗಿದೆ.

ಆ ಸೋಮವಾರಕ್ಕೆ ಎರಡು ವಾರವಿರುವಾಗ ಲಿಂಗಂಪಲ್ಲಿಯಿಂದ ಅತ್ತಿ ಬಂದಳು. ಅಪ್ಪನ ಅಕ್ಕ. ಅವಳ ಮಗಳು ಪಲ್ಲವಿಯ ಮದುವೆಗೆ ಎಂಟು ದಿನವಿತ್ತು. ಆಟೋದಿಂದ ಎರಡು ಗೋಣಿಚೀಲ ಇಳಿದವು. ಒಳಗೆ ಇನ್ನೂರು ಸ್ಟೀಲ್ ಡಬ್ಬಿಗಳು, ಬಂದವರಿಗೆಲ್ಲ ಉಡುಗೊರೆ.

"ಎಲ್ಲಾದರ ಮ್ಯಾಲೂ ಪಲ್ಲವಿ-ಸಂತೋಷ ಅಂತ ಹಾಕಿಬಿಡು ತಂಗಿ, ಕನ್ನಡದಾಗ" ಎಂದಳು ಅತ್ತಿ, ಬೆವರು ಒರೆಸಿಕೊಳ್ಳುತ್ತ. "ನಮ್ಮ ಹುಡುಗೀದು ಲೇಸರ್ ಮಶಿನ್ ಐತಿ ಅಂತ ಬೀಗರಿಗೆ ಹೇಳೀನಿ. ಕಲಬುರ್ಗಿ ಮಂದಿ ದಂಗಾಗಿ ಕುಂತಾರ."

ನಾನು ಹೇಳಿದೆ. "ಅತ್ತಿ, ಅದು ಸ್ಟೀಲಿನ ಮ್ಯಾಲ ಬರಿಯಂಗಿಲ್ಲ."

"ಬರಿಯಂಗಿಲ್ಲ ಅಂದ್ರ?"

"ಕಟ್ಟಿಗಿ ಮ್ಯಾಲ ಬರೀತದ. ಬೇಕಂದ್ರ ಕಟ್ಟಿಗಿ ಚೀಟಿ ಮಾಡಿ ಒಂದೊಂದು ಡಬ್ಬಿಗೆ ಕಟ್ಟಿಕೊಡ್ತೀನಿ."

"ಕಟ್ಟಿಗಿ ಮ್ಯಾಲ ಬರಿಯಾಕ ನನ್ನ ಒಲ್ಯಾಗಿನ ಕೊಳ್ಳಿ ಸಾಕು" ಎಂದಳು ಅತ್ತಿ. "ಹೆಸರಿಲ್ಲದ ಭಾಂಡೆ ಯಾರ ಮದುವ್ಯಾಗ ಬಂದದ್ದು ಅಂತ ಯಾರಿಗೆ ನೆನಪಿರ್ತದ? ಹೆಸರಿದ್ರ ಡಬ್ಬಿ ತಗದಾಗೊಮ್ಮೆ ನಮ್ಮ ಪಲ್ಲವಿ ನೆನಪಾಗ್ತಾಳ. ಚೀಟಿ ಕಟ್ಟಿದ್ರ ಮೊದಲನೇ ಸರ್ತಿ ತಿಕ್ಕಿದಾಗ ಮುಗೀತು. ಕೋಠಿ ಬಜಾರದಾಗ ಭಾಂಡೆ ಅಂಗಡ್ಯಾಂವ ಪೆನ್ನಿನಂಥಾದ್ದು ಹಿಡ್ಕೊಂಡು ಟರ್ರ್ ಅಂತ ಬರದು ಕೊಡ್ತಾನ. ನಿಂದು ಇಷ್ಟು ದೊಡ್ಡದೈತಿ, ಒಂದು ಡಬ್ಬಿ ಮ್ಯಾಲ ಬರಿಯಾಕ ಆಗಂಗಿಲ್ಲೇನು?"

ಅಪ್ಪ ಪೇಪರು ಕೆಳಗಿಟ್ಟರು. "ಎಲ್ಲಾದರ ಮ್ಯಾಲೂ ಬರೀತದ ಅಂತ ಆ ಅಂಗಡ್ಯಾಂವ ನನಗ ಹೇಳಿದ್ನಲ್ಲ."

"ಸುಳ್ಳು ಹೇಳಿದ್ದ."

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

ಅಪ್ಪ ಕನ್ನಡಕ ತೆಗೆದರು. "ಮತ್ತ ನಾನು ನಿಮ್ಮತ್ತಿಗೆ ಫೋನ್ ಮಾಡಿ, ಭಾಂಡೆ ಅಂಗಡ್ಯಾಗ ಹೆಸರು ಹಾಕ್ಸಬ್ಯಾಡ, ನಮ್ಮನ್ಯಾಗ ಆಗ್ತದ ಅಂತ ಹೇಳಿದಾಗ ನೀ ಅಲ್ಲೇ ಕುಂತು ಬಟ್ಟಿ ಮಡಚಾಕತ್ತಿದ್ದೆಲ್ಲ."

ಕುಳಿತಿದ್ದೆ. ಅಪ್ಪ ಯಾರೊಡನೆ ಮಾತಾಡುತ್ತಿದ್ದಾರೆಂದು ಕೇಳಿಸಿಕೊಳ್ಳದಷ್ಟು ಸಿಟ್ಟಿನಲ್ಲಿ ಕುಳಿತಿದ್ದೆ. ಜಗತ್ತು ನಮ್ಮ ಮಾತು ಕೇಳುವುದಿಲ್ಲವೆಂಬ ಸಿಟ್ಟು ಹೆಚ್ಚಾದರೆ ಜಗತ್ತಿನ ಮಾತು ನಮಗೂ ಕೇಳಿಸುವುದಿಲ್ಲ.

ಮರುದಿನ ಒಂದು ಚೀಲ ಹೊತ್ತು ಕೋಠಿಗೆ ಹೋದೆ. ಪಾತ್ರೆ ಅಂಗಡಿಯವನು ಡಬ್ಬಿಯನ್ನು ತಿರುಗಿಸಿ ನೋಡಿ, ತನ್ನ ಅಂಗಡಿಯ ಮಾಲಲ್ಲ ಎಂದು ವಾಪಸು ಕೊಟ್ಟ. ಹಣ ಕೊಡುತ್ತೇನೆ ಎಂದೆ. ಕನ್ನಡ ಬರೆಯಲು ಬರುವುದಿಲ್ಲ, ತೆಲುಗಾದರೆ ನೋಡೋಣ ಎಂದ. ಅತ್ತಿಯ ಕಲಬುರ್ಗಿ ಬೀಗರು ನೆನಪಾದರು, ಬೇಡವೆಂದೆ. ನಾಲ್ಕನೆಯ ಅಂಗಡಿಯಲ್ಲೂ ಇದೇ ಮಾತು. ಐದನೆಯದು ಹಾರ್ಡ್‌ವೇರ್ ಅಂಗಡಿ. ಅಲ್ಲಿ ಗಾಜಿನ ಕಪಾಟಿನಲ್ಲಿ ಆ ಪೆನ್ನಿನಂಥದ್ದು ಮಲಗಿತ್ತು. ವಿದ್ಯುತ್ತಿನಿಂದ ನಡುಗುವ ಒಂದು ಮೊನೆ, ಅಷ್ಟೇ. ಅದಕ್ಕೆ ನಾನು ಒಂದು ಕಾಲಮ್ಮೂ ಮಾಡಲಿಲ್ಲ. ಎರಡು ನಿಮಿಷದಲ್ಲಿ ಕೊಂಡು ವ್ಯಾನಿಟಿ ಬ್ಯಾಗಿನಲ್ಲಿ ಹಾಕಿಕೊಂಡು ಬಂದೆ.

ಆರು ದಿನ, ಬೆಳಗಿನಿಂದ ಸಂಜೆಯವರೆಗೆ, ಕೋಣೆಯ ಬಾಗಿಲು ಹಾಕಿಕೊಂಡು ಇನ್ನೂರು ಸಲ ಪಲ್ಲವಿ ಎಂದು ಬರೆದೆ, ಇನ್ನೂರು ಸಲ ಸಂತೋಷ ಎಂದು ಬರೆದೆ. ಮೊದಲ ಇಪ್ಪತ್ತು ಡಬ್ಬಿಗಳ ಮೇಲೆ ಆ ದಂಪತಿಗಳು ಭೂಕಂಪದಲ್ಲಿ ಮದುವೆಯಾದಂತೆ ಕಂಡರು. ಆಮೇಲೆ ಕೈ ಕುದುರಿತು. ಬೆರಳುಗಳು ರಾತ್ರಿ ಊಟದ ತಟ್ಟೆಯ ಮುಂದೆಯೂ ನಡುಗುತ್ತಿದ್ದವು. ಅವ್ವ ಕಲಸಿದ ಅನ್ನ ಮುಂದಿಡುತ್ತಿದ್ದಳು. ಆ ಆರು ದಿನ ನಾನು ಒಂದು ಬಟ್ಟೆಯನ್ನೂ ಮಡಚಲಿಲ್ಲ.

ಮದುವೆಯಲ್ಲಿ ಡಬ್ಬಿಗಳು ಕೈಯಿಂದ ಕೈಗೆ ಹೋದವು. "ಲೇಸರ್ ಅಂದ್ರ ಲೇಸರ್ ನೋಡ್ರಿ" ಎಂದರು ಕಲಬುರ್ಗಿಯವರು. ಅತ್ತಿ ತಿದ್ದಲಿಲ್ಲ, ಬದಲಿಗೆ ಬೆಳಕು ಹೇಗೆ ಬೀಳುತ್ತದೆಂದು ಕೈಮಾಡಿ ತೋರಿಸಿದಳು. ಅಪ್ಪನ ಹಳೆಯ ಸಹೋದ್ಯೋಗಿಗಳು ಅಪ್ಪನಿಗೆ ಕೈಕೊಟ್ಟು, ಒಳ್ಳೆಯ ಮಶಿನ್ ಆರಿಸಿದ್ದೀರಿ ಎಂದರು. ನಾನು ಪಕ್ಕದಲ್ಲೇ ನಿಂತು ಬಾಳೆಲೆಯ ಚಿತ್ರಾನ್ನವನ್ನು ನೋಡುತ್ತಿದ್ದೆ. ಮಡಚಲು ಕೈಗೆ ಏನೂ ಸಿಗಲಿಲ್ಲ. ಕಾಗದದ ಕರವಸ್ತ್ರವೊಂದನ್ನು ಎಂಟು ಪದರ ಮಾಡಿದೆ.

ವೃತ್ತ ಎಳೆದ ಸೋಮವಾರಕ್ಕೆ ಮೂರು ದಿನವಿತ್ತು. ಬೀಗರ ಸಂಬಂಧಿ ನೀಲಮ್ಮನವರು ಬಂದರು. ನಮ್ಮ ಮನೆಯಿಂದ ಎರಡು ಬೀದಿ ಆಚೆ ಇರುವವರು. ಆಟೋದಲ್ಲಿ ಐದು ಹೊಸ ಕೊಡಗಳು, ಕೈಯಲ್ಲಿ ಮದುವೆಯ ಡಬ್ಬಿ. ಮಗಳಿಗೆ ಸಂಸಾರ ಹೂಡಿಕೊಡುತ್ತಿದ್ದಾರಂತೆ. ಅಪ್ಪ ಎದ್ದು ಕುರ್ಚಿ ಕೊಟ್ಟರು. ನೀಲಮ್ಮನವರು ಕುಳಿತು, ಡಬ್ಬಿಯನ್ನು ಬೆಳಕಿಗೆ ಹಿಡಿದು, ಅಪ್ಪನಿಗೆ ಹೇಳಿದರು. "ಎಲ್ಲಾ ಛಲೋ ಐತ್ರಿ. ಆದ್ರ ನಿಮ್ಮ ಮಶಿನ್ ಈ ಷ ಒಂದು ಸೊಟ್ಟ ಬರೀತದ ನೋಡ್ರಿ. ಅದನ್ನ ಸ್ವಲ್ಪ ರಿಪೇರಿ ಮಾಡಸ್ರಿ."

"ಅದು ನಾನು ಕೈಲೇ ಬರದದ್ದು" ಎಂದೆ.

ನನ್ನ ದನಿ ಎಷ್ಟು ಏರಿತ್ತೆಂದರೆ ಅವ್ವ ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದುಕೊಂಡೇ ಬಂದಳು. ನಾನು ನಿಲ್ಲಿಸಲಿಲ್ಲ. ಇನ್ನೂರು ಡಬ್ಬಿ ನಾನೇ ಬರೆದದ್ದು, ಮಶಿನ್ ಒಂದು ಚುಕ್ಕೆ ಬರೆದಿಲ್ಲ, ಅದು ಸ್ಟೀಲಿನ ಮೇಲೆ ಬರೆಯುವುದೇ ಇಲ್ಲ, ಅದನ್ನು ಆರಿಸಿದವಳು ನಾನು, ಅಪ್ಪನಲ್ಲ, ಏನಾದರೂ ಕೇಳುವುದಿದ್ದರೆ ನನ್ನನ್ನು ಕೇಳಿ ಎಂದೆಲ್ಲ ಹೇಳಿಬಿಟ್ಟೆ. ಮೂರು ತಿಂಗಳ ಮಾತು ಒಂದೇ ಉಸಿರಿಗೆ.

ನೀಲಮ್ಮನವರು ಗಾಬರಿಯಾಗಲಿಲ್ಲ. ಕುರ್ಚಿಯನ್ನು ಸ್ವಲ್ಪ ನನ್ನ ಕಡೆಗೆ ತಿರುಗಿಸಿಕೊಂಡರು. "ಹಂಗಂದ್ರ ನಿನ್ನನ್ನೇ ಕೇಳಬೇಕು" ಎಂದರು. "ಐದೂ ಕೊಡಕ್ಕ ಮಗಳ ಹೆಸರು ಬೇಕು. ಕೋಠಿಗೆ ಯಾರು ಹೋಗ್ತಾರ, ಕನ್ನಡದಾಗ ಯಾರು ಬರೀತಾರ. ಯಾವಾಗ ಕೊಡ್ತಿ?"

"ನಾಡದು" ಎಂದೆ.

"ಷ ಇಲ್ಲ ಅಕಿ ಹೆಸರಿನ್ಯಾಗ, ಚಿಂತಿ ಮಾಡಬ್ಯಾಡ" ಎಂದು ಹೇಳಿ ಅವರು ಹೊರಟರು.

ಅವರ ಹಿಂದೆಯೇ ಇನ್ನಿಬ್ಬರು ಬಂದರು, ಭಾನುವಾರ ಮತ್ತೆ ನಾಲ್ವರು. ತಾಟು, ಲೋಟ, ಹಾಲಿನ ಗಡಿಗೆ. ಭಾನುವಾರ ಸಂಜೆ ಅಪ್ಪ ಕ್ಯಾಲೆಂಡರಿನ ಮುಂದೆ ನಿಂತು ರಬ್ಬರಿನಿಂದ ವೃತ್ತವನ್ನು ಅಳಿಸಿದರು. "ಆಫೀಸಿಗೆ ಬರಂಗಿಲ್ಲ ಅಂತ ಬರದು ಹಾಕು" ಎಂದರು. ಆಮೇಲೆ ರಬ್ಬರಿನ ಪುಡಿ ಊದಿ, "ಇನ್ನ ಮ್ಯಾಲ ಯಾರರ ಸುಳ್ಳು ಹೇಳಿದ್ರ ಅಲ್ಲೇ ನನ್ನ ಕಾಲು ತುಳಿ" ಎಂದರು.

ಯಂತ್ರ ಸುಮ್ಮನೆ ನೀರು ಕುಡಿಯುತ್ತ ನಿಂತಿದೆ ಎಂದು ಅವ್ವ ಗೊಣಗುತ್ತಲೇ ಇದ್ದಳು. ಹೋದ ವಾರ ಅದಕ್ಕೊಂದು ಕೆಲಸ ಕೊಟ್ಟೆ. ಸಾಗವಾನಿ ಹಲಗೆಯೊಂದನ್ನು ಒಳಗಿಟ್ಟು, "ಪಾತ್ರೆಗಳ ಮೇಲೆ ಕೈಯಿಂದ ಹೆಸರು ಬರೆದುಕೊಡಲಾಗುವುದು" ಎಂದು ಕೆತ್ತಿಸಿದೆ. ಏಳು ನಿಮಿಷದಲ್ಲಿ ಮುಗಿಯಿತು. ಗೇಟಿಗೆ ತೂಗುಹಾಕಿ ಒಳಗೆ ಬರುವಷ್ಟರಲ್ಲಿ ಗೊತ್ತಿಲ್ಲದ ಹೆಂಗಸೊಬ್ಬಳು ಎರಡು ಅಗಲ ಪರಾತ ತಟ್ಟೆ ಹಿಡಿದು ಅದರ ಮುಂದೆ ನಿಂತಿದ್ದಳು. ಅಕ್ಷರಗಳ ಮೇಲೆ ಬೆರಳಾಡಿಸಿ ನೋಡಿದಳು.

"ಎಷ್ಟ ಚಂದ ಅದಾವ್ರಿ ಅಕ್ಷರ. ಒಂದೂ ಸೊಟ್ಟಿಲ್ಲ. ಇದೂ ನೀವ ಕೈಲೇ ಬರದದ್ದೇನ್ರಿ?"

ಯಂತ್ರ ಒಳಗಿತ್ತು. ಅದಕ್ಕೆ ಸಿಟ್ಟು ಬರುವ ಸಂಭವವಿರಲಿಲ್ಲ.

"ಹೂಂ ರೀ" ಎಂದೆ.