ಮೈನಸ್ ಹನ್ನೆರಡನೇ ಮೆಟ್ಟಿಲು

ಎಲ್ಲದಕ್ಕೂ ಕಾರಣ ಎರಡೇ ಎರಡು ಡಿಗ್ರಿ.

ಕೋಲ್ಡ್ ಸ್ಟೋರೇಜಿನ ಎರಡನೇ ನಂಬರ್ ಕೋಣೆ ಮೈನಸ್ ಹದಿನೆಂಟರಲ್ಲಿತ್ತು. ಐಸ್ ಕ್ರೀಮ್ ಇನ್ನಷ್ಟು ಗಟ್ಟಿಯಾಗಲಿ ಅಂತ ಮ್ಯಾನೇಜರು ಫೋನಿನಲ್ಲಿ ಎರಡು ಡಿಗ್ರಿ ಕಮ್ಮಿ ಮಾಡಲು ಹೇಳಿದರು. ಹನ್ನೊಂದು ವರ್ಷದಿಂದ ಆ ಕೋಣೆಯ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ ಐಸಣ್ಣ ಒಂದು ಗಳಿಗೆ ಯೋಚನೆ ಮಾಡಿದ. ಹದಿನೆಂಟಕ್ಕೆ ಎರಡು ಕಮ್ಮಿ ಅಂದರೆ ಹದಿನಾರು ಇರಬಹುದು. ಗುಂಡಿಯನ್ನು ಮೈನಸ್ ಹದಿನಾರಕ್ಕೆ ತಿರುಗಿಸಿ ಮನೆಗೆ ಹೋದ. ಮರುದಿನದ ಹೊತ್ತಿಗೆ ನಾನೂರು ಡಬ್ಬ ಐಸ್ ಕ್ರೀಮು ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ ಮೆತ್ತಗಾಗಿತ್ತು.

ಹೆಡ್ ಆಫೀಸಿನಿಂದ ಒಂದು ಕಾಗದ ಬಂತು. ಪ್ಲಸ್ ಮೈನಸ್ ಸಂಖ್ಯೆಗಳನ್ನು ಕೂಡುವ, ಕಳೆಯುವ ಹತ್ತು ಲೆಕ್ಕಗಳ ಪರೀಕ್ಷೆ. ಕೀಲಿಕೈಗೆ ಆಸೆಪಟ್ಟವರು ಇಬ್ಬರೇ. ಒಬ್ಬ ಐಸಣ್ಣ. ಇನ್ನೊಬ್ಬ ಲೋಡಿಂಗ್ ಅಂಗಳದ ಮೀಸೆ. ಅವನು ಐಸಣ್ಣನ ಕಟ್ಟಡದಲ್ಲೇ ಕೆಳಮನೆಯವನು. ಹೆಚ್ಚು ಅಂಕ ತೆಗೆದವನಿಗೆ ತಂಪು ಕೋಣೆ, ಸೋತವನಿಗೆ ಬಿಸಿಲಲ್ಲಿ ಲಾರಿಗೆ ಡಬ್ಬ ಹೊರುವ ಕೆಲಸ. ಪರೀಕ್ಷೆ ಮಧ್ಯಾಹ್ನ ಮೂರಕ್ಕೆ. ಓದಿಕೊಳ್ಳಲಿ ಅಂತ ಇಬ್ಬರಿಗೂ ಬೆಳಗ್ಗೆ ರಜೆ ಕೊಟ್ಟಿದ್ದರು.

ಐಸಣ್ಣನ ಅತ್ತೆ ಮೂವತ್ತು ವರ್ಷ ಗಣಿತ ಪಾಠ ಮಾಡಿ ನಿವೃತ್ತಿಯಾದವರು. ಬೆಳಗ್ಗೆ ಏಳಕ್ಕೇ ಅಳಿಯನನ್ನು ಮುಂದೆ ಕೂರಿಸಿಕೊಂಡರು. ಎಂಟರವರೆಗೆ ಎಲ್ಲ ಸುಸೂತ್ರವಾಗಿತ್ತು. ಎಂಟು ಗಂಟೆಗೆ ಮೈನಸ್ಸಿನಿಂದ ಮೈನಸ್ ಕಳೆಯುವ ಲೆಕ್ಕ ಬಂತು, ಐಸಣ್ಣ ಪೆನ್ಸಿಲ್ ಕೆಳಗಿಟ್ಟ.

"ಮೈನಸ್ ಮೈನಸ್ ಸೇರಿದ್ರೆ ಪ್ಲಸ್ಸು. ಬಾಯಿಪಾಠ ಮಾಡ್ಕೊಳ್ಳಿ ಅಳಿಯಂದ್ರೆ."

"ಯಾಕೆ ಪ್ಲಸ್ಸು ಅತ್ತೆ?"

"ಅದು ನಿಯಮ."

"ಯಾರ್ ಮಾಡಿದ್ದು? ನಾನು ಒಪ್ಪಲ್ಲ. ಇರಬಹುದು ಇರಬಹುದು ಅಂತ ಹೋಗೇ ನಾನೂರು ಡಬ್ಬ ಕರಗಿಸಿದೀನಿ. ಇನ್ಮೇಲೆ ಕಣ್ಣಲ್ಲಿ ನೋಡ್ದೆ ಒಂದು ಉತ್ತರಾನೂ ಬರಿಯಲ್ಲ."

ಒಳಗಿನಿಂದ ಹೆಂಡತಿ, ಇವರು ಮದುವೆ ದಿನವೂ ಹೀಗೇ ಒಂದು ಗಂಟೆ ಹಟ ಹಿಡಿದು ಕೂತಿದ್ದರು ಅಂತ ನೆನಪಿಸಿದಳು. ಆದರೆ ಅತ್ತೆಗೆ ಸಿಟ್ಟು ಬರಲಿಲ್ಲ. ಮೂವತ್ತು ವರ್ಷದಲ್ಲಿ ಯಾಕೆ ಅಂತ ಕೇಳಿದ ಮೊದಲ ಶಿಷ್ಯ ಇವನೇ. ಅವರು ಚಾಕ್‌ಪೀಸ್ ಹುಡುಕಿಕೊಂಡು ಎದ್ದರು.

ಐಸಣ್ಣನ ಮನೆ ಮೊದಲನೇ ಮಹಡಿಯಲ್ಲಿ. ಮೇಲಿನ ಮಹಡಿಗೆ ಹನ್ನೆರಡು ಮೆಟ್ಟಿಲು, ಕೆಳಗೂ ಹನ್ನೆರಡು. ಅತ್ತೆ ತಮ್ಮ ಬಾಗಿಲ ಮುಂದೆ ದೊಡ್ಡದಾಗಿ ಸೊನ್ನೆ ಬರೆದರು. ಮೇಲಕ್ಕೆ ಪ್ಲಸ್ ಒಂದರಿಂದ ಹನ್ನೆರಡು, ಕೆಳಕ್ಕೆ ಮೈನಸ್ ಒಂದರಿಂದ ಹನ್ನೆರಡು ಅಂತ ಪ್ರತಿ ಮೆಟ್ಟಿಲಿಗೂ ನಂಬರ್ ಹಾಕಿದರು. ಪ್ಲಸ್ ಸಂಖ್ಯೆ ಬಂದರೆ ಮುಖ ಮೇಲಕ್ಕೆ, ಮೈನಸ್ ಬಂದರೆ ಮುಖ ಕೆಳಕ್ಕೆ. ಕೂಡುವುದಾದರೆ ಮುಂದಕ್ಕೆ ನಡೆಯಬೇಕು, ಕಳೆಯುವುದಾದರೆ ಹಿಂದಕ್ಕೆ. ಇಷ್ಟೇ ಪಾಠ.

"ಮೈನಸ್ ಐದರಲ್ಲಿ ನಿಂತ್ಕೊಳ್ಳಿ. ಮೈನಸ್ ಮೂರು ಕಳೀರಿ."

ಐಸಣ್ಣ ಮೈನಸ್ ಐದರ ಮೇಲೆ ನಿಂತ. ಮೈನಸ್, ಮುಖ ಕೆಳಕ್ಕೆ. ಕಳಿ, ಹೆಜ್ಜೆ ಹಿಂದಕ್ಕೆ. ಒಂದು, ಎರಡು, ಮೂರು. ಕಾಲ ಕೆಳಗೆ ನೋಡಿಕೊಂಡ. ಮೈನಸ್ ಎರಡು.

"ಅತ್ತೆ, ನಾನು ಮೇಲ್ ಬಂದೆ."

"ಮತ್ತೆ ನಾನೇನ್ ಹೇಳಿದ್ದು?"

ಐಸಣ್ಣನಿಗೆ ಸ್ವರ್ಗಕ್ಕೆ ಮೂರೇ ಗೇಣು. ಹೊಸ ಸೈಕಲ್ ಸಿಕ್ಕ ಹುಡುಗನ ಹಾಗೆ ಮೆಟ್ಟಿಲಿಗೆ ಅಂಟಿಕೊಂಡುಬಿಟ್ಟ. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಲೆಕ್ಕ ಕೂಗುವುದು, ಅಳಿಯ ತಿರುಗುವುದು, ಏರುವುದು, ಇಳಿಯುವುದು.

ಮೇಲ್ಮನೆಯ ಟೈಲರಮ್ಮ ಮೊದಲು ನೋಡಿದವಳು. ಹಿಂದಕ್ಕೆ ನಡೆದರೆ ಸೊಂಟನೋವು ಹೋಗುತ್ತದೆ ಅಂತ ಅವಳಿಗೆ ಯಾರೋ ಹೇಳಿದ್ದರಂತೆ, ನೋವು ಎಷ್ಟು ದಿನದಿಂದ ಅಂತ ವಿಚಾರಿಸಿದಳು. ಇದು ಸೊಂಟವಲ್ಲ, ಲೆಕ್ಕ ಅಂತ ಐಸಣ್ಣ ಬಿಡಿಸಿ ಹೇಳಿದ. ಪಾಪ, ಸೊಂಟದ ಲೆಕ್ಕ ತಪ್ಪಿದೆ ಅಂತ ಅವಳು ಅರ್ಥ ಮಾಡಿಕೊಂಡು ತಾನೂ ಹಿಂದಕ್ಕೆ ಇಳಿಯತೊಡಗಿದಳು. ರವಿಕೆ ಅಳತೆ ಕೊಡಲು ಬಂದಿದ್ದ ಇಬ್ಬರು ಗಿರಾಕಿಗಳೂ ಅವಳ ಹಿಂದೆ ಸೇರಿದರು. ಹತ್ತೂವರೆಗೆ ಆ ಕಟ್ಟಡದಲ್ಲಿ ನೆಟ್ಟಗೆ ನಡೆಯುತ್ತಿದ್ದವನು ಎದುರುಮನೆಯ ನಿವೃತ್ತ ಕಂಪೌಂಡರ್ ಒಬ್ಬನೇ.

ಅವನು ಒಗೆದ ಬಟ್ಟೆಯ ಬಕೆಟ್ ಹಿಡಿದು ಟೆರೇಸಿಗೆ ಹೊರಟಿದ್ದ. ಐಸಣ್ಣ ಪ್ಲಸ್ ಒಂಬತ್ತರಿಂದ ಪ್ಲಸ್ ಏಳು ಕಳೆಯುತ್ತ ಬೆನ್ನು ಮಾಡಿಕೊಂಡು ಬರುತ್ತಿದ್ದ. ಪ್ಲಸ್ ನಾಲ್ಕರಲ್ಲಿ ಇಬ್ಬರೂ ಭೇಟಿಯಾದರು. ಬಕೆಟ್ಟು ಸೊನ್ನೆಯನ್ನೂ ದಾಟಿ ಮೈನಸ್ಸಿಗೆ ಇಳಿಯಿತು. ಕಂಪೌಂಡರನ ಒದ್ದೆ ಪೈಜಾಮ ತಲೆಗೆ ಸುತ್ತಿಕೊಂಡು ಐಸಣ್ಣನೂ ಅದೇ ದಾರಿಯಲ್ಲಿ ಮೈನಸ್ ಎರಡಕ್ಕೆ ಬಂದು ಕೂತ. ಬಲಗಾಲಿನ ಪಾದ ಉಳುಕಿತ್ತು.

ಕಂಪೌಂಡರ್ ಕೈಗೆ ಹದಿನೈದು ವರ್ಷದಿಂದ ಒಬ್ಬ ರೋಗಿಯೂ ಸಿಕ್ಕಿರಲಿಲ್ಲ. ಪಾದದಿಂದ ಶುರು ಮಾಡಿದ ಬ್ಯಾಂಡೇಜನ್ನು ಮೊಣಕಾಲಿನವರೆಗೂ ಸುತ್ತಿದ. ಇವತ್ತು ಕಾಲು ಊರಬಾರದು ಅಂದ. ಐಸಣ್ಣ ಗೋಡೆ ಹಿಡಿದು ಎದ್ದ.

"ಎಲ್ಲಿಗಿಳಿದಿದ್ದೆ ಅತ್ತೆ? ಎರಡು ತಾನೆ ಉತ್ತರ? ಪ್ಲಸ್ ಎರಡು. ಮತ್ತೆ ಮೊದ್ಲಿಂದ ಕೂಗಿ."

ಈ ಗಲಾಟೆಗೆ ಕೆಳಮನೆಯ ಮೀಸೆ ಹೊರಗೆ ಬಂದ. ಅವನ ಮುಂದೆ ಪುಸ್ತಕ ತೆರೆದೇ ಇತ್ತಂತೆ, ತಲೆಗೆ ಮಾತ್ರ ಒಂದೂ ಇಳಿದಿರಲಿಲ್ಲ. ತನ್ನ ಹೊಸ್ತಿಲ ಹತ್ತಿರ ಬಿಳಿ ಅಕ್ಷರ ಕಂಡು ಬಗ್ಗಿ ನೋಡಿದ.

"ಏನಿದು ಐಸಣ್ಣ, ನಮ್ಮನೆಗೆ ಮೈನಸ್ ಹನ್ನೆರಡು ಅಂತ ಬರೆದಿದೀರಾ?"

"ನಾನೇನ್ ಮಾಡ್ಲಿ ಮೀಸೆ, ನಿಮ್ಮನೆ ಕೆಳಗಿದೆ."

"ಟೈಲರಮ್ಮ ಪ್ಲಸ್ ಹನ್ನೆರಡು, ನಾವು ಮೈನಸ್ಸು. ಬಾಡಿಗೆ ಒಂದೇ ಕೊಡ್ತೀವಲ್ರೀ."

ಟೈಲರಮ್ಮ ಮೇಲಿನಿಂದಲೇ, ಎಲ್ಲಕ್ಕೂ ಯೋಗ್ಯತೆ ಬೇಕು ಅಂತ ಒಂದು ಮಾತು ಸೇರಿಸಿದಳು. ಮೀಸೆ ಕುದಿಯತೊಡಗಿದ. ಆದರೆ ಐಸಣ್ಣ ಅವತ್ತು ಜ್ಞಾನ ತುಂಬಿ ತುಳುಕುತ್ತಿದ್ದ ಮನುಷ್ಯ. ಎದುರಾಳಿ ಅನ್ನುವುದನ್ನೂ ಮರೆತು ಮೀಸೆಯ ಭುಜ ಹಿಡಿದು ತಿರುಗಿಸಿದ.

"ಮೈನಸ್ ಅಂದ್ರೆ ಅವಮಾನ ಅಲ್ರೀ. ಕೆಳಗಡೆ ಮುಖ ಮಾಡಿ. ಇದು ಮೈನಸ್ಸು. ಈಗ ಹಿಂದಕ್ಕೆ ಹತ್ತಿ. ಇದು ಕಳಿಯೋದು. ಎಲ್ಲಿದೀರ ಈಗ?"

ಮೀಸೆ ಮೆಟ್ಟಿಲು ನೋಡಿದ, ಮೀಸೆ ನೀವಿಕೊಂಡ. "ಮೇಲೆ."

"ನೋಡಿದ್ರಾ? ಮೈನಸ್ ಕಳೆದಷ್ಟೂ ಮನುಷ್ಯ ಮೇಲೇರ್ತಾನೆ."

ಆ ಒಂದು ಪಾಠ ಮೀಸೆಯ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು. ಬೇರೆ ಯಾವುದೂ ಕೂರಲಿಲ್ಲ.

ಮೂರು ಗಂಟೆಗೆ ಐಸಣ್ಣ ಕುಂಟುತ್ತ ಪರೀಕ್ಷೆಗೆ ಹೋದ. ಪ್ರಶ್ನೆಪತ್ರಿಕೆ ಕೈಗೆ ಬಂದ ತಕ್ಷಣ ಎದ್ದು ನಿಂತು, ತನಗೆ ಮೆಟ್ಟಿಲು ಬೇಕು ಅಂದ. ಮ್ಯಾನೇಜರು ಬಾತ್ರೂಮ್ ಅಂತ ತಿಳಿದು ಒಪ್ಪಿಗೆ ಕೊಟ್ಟರು. ಐಸಣ್ಣ ಬಾಗಿಲಾಚೆ ಮೆಷಿನ್ ಕೋಣೆಗೆ ಇಳಿಯುವ ಮೆಟ್ಟಿಲ ಹತ್ತಿರ ಹೋಗಿ, ಕಂಬಿ ಹಿಡಿದು ಒಂದೊಂದೇ ಲೆಕ್ಕ ನಡೆದು ಬಂದು ಬರೆದ. ಒಂಬತ್ತು ಮುಗಿಯಿತು. ಒಂಬತ್ತೂ ಕಣ್ಣಾರೆ ಕಂಡ ಉತ್ತರ.

ಹತ್ತನೆಯದು, ಮೈನಸ್ ಹದಿನಾಲ್ಕರಿಂದ ಒಂಬತ್ತು ಕಳೆಯಿರಿ. ಐಸಣ್ಣ ಹದಿನಾಲ್ಕು ಮೆಟ್ಟಿಲು ಇಳಿದ. ಮುಖ ಮೇಲಕ್ಕೆ ಮಾಡಿ ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ಬೆನ್ನಿಗೆ ಗೋಡೆ ತಗುಲಿತು. ಆ ಕಟ್ಟಡಕ್ಕೆ ಇದ್ದದ್ದೇ ಹದಿನೈದು ಮೆಟ್ಟಿಲು. ಮೈನಸ್ ಇಪ್ಪತ್ತಮೂರು ಇರಬಹುದು ಅಂತ ಮನಸ್ಸು ಪಿಸುಗುಟ್ಟಿತು. ಇರಬಹುದು ಅಂದಿದ್ದೇ ತಪ್ಪಾಯಿತು. ಐಸಣ್ಣ ಆ ಜಾಗ ಖಾಲಿ ಬಿಟ್ಟು, ಎದೆಯುಬ್ಬಿಸಿ ಪೇಪರ್ ಕೊಟ್ಟ.

ಮೀಸೆಗೆ ಇಂಥ ತೊಂದರೆ ಇರಲಿಲ್ಲ. ಎಲ್ಲಿ ಮೈನಸ್ ಕಂಡರೂ ಮೇಲೇರುವುದು ಅಂತ ತಿಳಿದು ಹತ್ತೂ ಲೆಕ್ಕವನ್ನು ಕೂಡಿಬಿಟ್ಟಿದ್ದ. ಎರಡು ಸರಿ, ಎಂಟು ತಪ್ಪು.

ಮ್ಯಾನೇಜರು ಅಲ್ಲೇ ತಿದ್ದಿದರು. ಐಸಣ್ಣನಿಗೆ ಒಂಬತ್ತು. ತಪ್ಪಿಗೆ ಮೈನಸ್ ಅಂಕ ಇದ್ದದ್ದರಿಂದ ಮೀಸೆಗೆ ಎರಡರಲ್ಲಿ ಎಂಟು ಹೋಗಿ ಮೈನಸ್ ಆರು. ಕೀಲಿಕೈ ಐಸಣ್ಣನ ಕಡೆ ಚಾಚಿದರು. ಐಸಣ್ಣನ ಬೆರಳು ಅದಕ್ಕೆ ತಗುಲಿಯೂ ಆಗಿತ್ತು.

"ಸಾರ್," ಅಂದ ಮೀಸೆ, "ಪೇಪರ್ ಮೇಲೆ ಏನ್ ಬರೆದಿದೆ, ಸ್ವಲ್ಪ ಓದಿ."

ಮ್ಯಾನೇಜರು ಓದಿದರು. "ಪ್ರತಿ ತಪ್ಪು ಉತ್ತರದ ಅಂಕ ಮೈನಸ್ ಒಂದು. ತಪ್ಪು ಉತ್ತರಗಳ ಅಂಕಗಳನ್ನು ಸರಿ ಉತ್ತರಗಳ ಅಂಕಗಳಿಂದ ಕಳೆಯತಕ್ಕದ್ದು."

"ನನ್ನ ತಪ್ಪಿನ ಅಂಕ ಮೈನಸ್ ಎಂಟು. ಅದನ್ನ ಎರಡರಿಂದ ಕಳೀರಿ ಸಾರ್. ಕೆಳಗಡೆ ಮುಖ, ಹಿಂದಕ್ಕೆ ಹೆಜ್ಜೆ."

ಮ್ಯಾನೇಜರು ಕಾಗದ ನೋಡಿದರು, ಸೂರು ನೋಡಿದರು. ಹೆಡ್ ಆಫೀಸು ಬರೆದದ್ದನ್ನು ಮೀರುವ ಧೈರ್ಯ ಅವರಿಗಿರಲಿಲ್ಲ, ಲೆಕ್ಕ ಮಾಡುವ ಧೈರ್ಯವಂತೂ ಮೊದಲೇ ಇರಲಿಲ್ಲ. ಒಂಬತ್ತು ತೆಗೆದವನ ಕಡೆ ತಿರುಗಿದರು. "ನೀನೇ ಹೇಳಪ್ಪ. ಎರಡರಿಂದ ಮೈನಸ್ ಎಂಟು ಕಳೆದರೆ ಎಷ್ಟು?"

ಮೈನಸ್ ಆರು ಅಂದಿದ್ದರೆ ಮುಗಿಯುತ್ತಿತ್ತು. ಮೀಸೆ ಕೂಗಾಡಿದರೂ ಕೇಳುವವರು ಯಾರೂ ಇರಲಿಲ್ಲ. ಐಸಣ್ಣ ತನ್ನ ಕಾಲಿನ ಬ್ಯಾಂಡೇಜು ನೋಡಿಕೊಂಡ. ಬೆಳಗ್ಗಿನಿಂದ ಆ ಕಾಲು ಹತ್ತಿದ್ದು ಸುಳ್ಳಾಗಲು ಸಾಧ್ಯವೇ ಇರಲಿಲ್ಲ.

"ಹತ್ತು," ಅಂದ. "ಯಾರೇನೇ ಅಂದ್ರೂ ಹತ್ತೇ." ಒಂಬತ್ತಕ್ಕಿಂತ ಹತ್ತು ದೊಡ್ಡದು, ಕೀಲಿಕೈ ಮೀಸೆಯ ಸೊಂಟಕ್ಕೆ ಹೋಯಿತು.

ಹತ್ತನೆಯದಕ್ಕೆ ಕತ್ತೆ ಅಂತ ಬರೆದಿದ್ದರೂ ತನಗೂ ಹತ್ತು ಬರುತ್ತಿತ್ತು ಅಂತ ಅವನಿಗೆ ಹೊಳೆದದ್ದು ದಾರಿಯಲ್ಲಿ.

ಕಟ್ಟಡಕ್ಕೆ ಬಂದಾಗ ಮೀಸೆ ಆಗಲೇ ಬಂದು ನಂಬರುಗಳನ್ನೆಲ್ಲ ಒರೆಸಿ, ತನ್ನ ಹೊಸ್ತಿಲಿಗೆ ಸೊನ್ನೆ ಬರೆದು, ಅಲ್ಲಿಂದ ಮೇಲಕ್ಕೆ ಪ್ಲಸ್ ಹಾಕಿ ಮುಗಿಸಿದ್ದ. ಐಸಣ್ಣನ ಮನೆ ಈಗ ಪ್ಲಸ್ ಹನ್ನೆರಡು. ಆವತ್ತು ಅವನಿಗೆ ಸಿಕ್ಕ ಬಡ್ತಿ ಅದೊಂದೇ.

"ಐಸಣ್ಣ," ಮೀಸೆ ಕೀಲಿಕೈ ತಿರುಗಿಸುತ್ತ ದನಿ ತಗ್ಗಿಸಿದ, "ಮೈನಸ್ ಹದಿನೆಂಟರಿಂದ ಎರಡು ಕಮ್ಮಿ ಮಾಡು ಅಂದಿದಾರೆ. ಎಷ್ಟಕ್ಕಿಡ್ಲಿ?"

"ನಿಮ್ಮನೇನ ಸೊನ್ನೆ ಮಾಡ್ಕೊಂಡ್ರಲ್ಲ. ಅದರ ಕೆಳಗೆ ಮೆಟ್ಟಿಲೇ ಇಲ್ಲ. ಅಗೆದು ನೋಡ್ಕೊಳ್ಳಿ."

ಕೆಳಗೆ ಮುಖ ಮಾಡಿ, ಮೀಸೆಯನ್ನೇ ದುರುಗುಟ್ಟಿ ನೋಡುತ್ತ, ಐಸಣ್ಣ ಹಿಂದು ಹಿಂದಕ್ಕೆ ಹತ್ತಿದ. ಹೇಳಬಾರದು. ಸತ್ತರೂ ಹೇಳಬಾರದು. ಹನ್ನೊಂದನೇ ಮೆಟ್ಟಿಲವರೆಗೂ ಆ ಹಟ ಗಟ್ಟಿಯಾಗಿತ್ತು. ಹನ್ನೆರಡನೆಯದರಲ್ಲಿ ಒಂದು ವಿಷಯ ನೆನಪಾಯಿತು. ನಾಳೆ ಬೆಳಗ್ಗೆ ಕರಗಿದ ನಾನೂರು ಡಬ್ಬವನ್ನು ತಲೆ ಮೇಲೆ ಹೊರಬೇಕಾದವನು ಯಾರು?

"ಮೈನಸ್ ಇಪ್ಪತ್ತು ಕಣ್ರೀ," ಅಂತ ಕೆಳಕ್ಕೆ ಕೂಗಿ, ಬಾಗಿಲು ದಢಾರನೆ ಹಾಕಿಕೊಂಡ.